ತಲೆಹರಟೆ ಆಂಟಿಹೀರೋನನ್ನು ತೆರೆಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡೆಡ್‌ಪೂಲ್‌ನಂಥ ಬಾಯಿಬಡುಕ ಕಾಮಿಕ್ ಪಾತ್ರವೊಂದು ಕೋಟ್ಯಂತರ ಜನ ನೋಡುವ ಸಿನಿಮಾ ಆದದ್ದು ಹೇಗೆ ಎಂಬ ಮಾತು ಎದ್ದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಧಾಟಿಯಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವವು ಆಮೇಲೆ. ಉದಾಹರಣೆ ಬೇಕಾದಾಗಲೆಲ್ಲ ಡೆಡ್‌ಪೂಲ್‌ನ ಹತ್ತಿರವೇ ಓಡುತ್ತೇನೆ, ಅದಕ್ಕೆ ಕಾರಣವಿದೆ: ತೆರೆಯ ಮೇಲೆ ಅವನಷ್ಟು ಹೀನಾಯವಾಗಿ ಸೋತು ಅವನಷ್ಟು ಜೋರಾಗಿ ಗೆದ್ದ ಪಾತ್ರ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ.

## ಮೊದಲಿನಿಂದ

ಆಂಟಿಹೀರೋ ಅಂದ್ರೆ ವಿಲನ್ನೇ ತಾನೇ? ಏನು ವ್ಯತ್ಯಾಸ?

ವಿಲನ್ ಕಥೆಗೆ ಅಡ್ಡ ನಿಲ್ಲುತ್ತಾನೆ, ಆಂಟಿಹೀರೋ ಕಥೆಯನ್ನು ಹೊತ್ತು ನಡೆಯುತ್ತಾನೆ. ನಾವು ಅವನ ಬೆನ್ನ ಹಿಂದೆಯೇ ಹೋಗುತ್ತೇವೆ, ಅವನ ಗುರಿ ಮುಟ್ಟಲಿ ಎಂದು ಬಯಸುತ್ತೇವೆ, ಅವನು ಆರಿಸಿಕೊಳ್ಳುವ ದಾರಿ ಮಾತ್ರ ನಮಗೆ ಮುಜುಗರ ತರುತ್ತದೆ. 1974ರಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್‌ನಲ್ಲಿ ಮೊದಲು ಕಾಣಿಸಿಕೊಂಡ ಪನಿಶರ್ ಇದಕ್ಕೆ ಒಳ್ಳೆಯ ನಮೂನೆ. ಅವನು ಅಪರಾಧಿಗಳನ್ನು ಕೊಲ್ಲುತ್ತಾನೆ, ನಗುವುದಿಲ್ಲ.

ತಲೆಹರಟೆ ಆಂಟಿಹೀರೋನದು ಇದರಲ್ಲೇ ಒಂದು ಉಪಜಾತಿ. ಅವನು ಕಾನೂನನ್ನಷ್ಟೇ ಅಲ್ಲ, ಹೀರೋಗಿರಿಯನ್ನೇ ಲೇವಡಿ ಮಾಡುತ್ತಾನೆ. ತ್ಯಾಗ, ಭಾಷಣ, ಗಾಳಿಯಲ್ಲಿ ಹಾರುವ ಹೊದಿಕೆ ಎಲ್ಲವೂ ಅವನಿಗೆ ನಗೆಪಾಟಲು. ತೊಂದರೆ ಶುರುವಾಗುವುದು ಇಲ್ಲೇ. ಮುಖ್ಯವಾಹಿನಿಯ ಸಿನಿಮಾ ನಿಂತಿರುವುದೇ ಅವನು ನಗುವ ಈ ಸರಕಿನ ಮೇಲೆ.

ಡೆಡ್‌ಪೂಲ್ ಹುಟ್ಟಿದಾಗಿನಿಂದಲೂ ಹೀಗೇ ವಟವಟ ಅಂತಿದ್ನಾ?

ಬಾಯಿ ಮೊದಲಿನಿಂದಲೂ ಇತ್ತು, ಆದರೆ ಇಷ್ಟಿರಲಿಲ್ಲ. ರಾಬ್ ಲೀಫೆಲ್ಡ್ ಮತ್ತು ಫೇಬಿಯನ್ ನಿಸಿಯೆಜಾ ಸೇರಿ 1991ರ 'ನ್ಯೂ ಮ್ಯೂಟಂಟ್ಸ್' 98ನೇ ಸಂಚಿಕೆಯಲ್ಲಿ ಅವನನ್ನು ತಂದಾಗ ಅವನು ಬಾಡಿಗೆ ಕೊಲೆಗಾರ, ಖಳರ ಸಾಲಿನವನು. ಡಿಸಿ ಕಾಮಿಕ್ಸ್‌ನಲ್ಲಿ ಸ್ಲೇಡ್ ವಿಲ್ಸನ್ ಎಂಬ ಕೊಲೆಗಾರ ಆಗಲೇ ಇದ್ದ, ಇವನಿಗೆ ವೇಡ್ ವಿಲ್ಸನ್ ಎಂದು ಹೆಸರಿಟ್ಟರು. ಹುಟ್ಟೇ ಒಂದು ಕೀಟಲೆ ಅನ್ನಿ. 1997ರಲ್ಲಿ ಜೋ ಕೆಲ್ಲಿ ಬರೆಯಲು ಶುರುಮಾಡಿದ ಸರಣಿಯಲ್ಲಿ ಅವನು ಈಗಿನ ರೂಪಕ್ಕೆ ಬಂದ: ಹಾಸ್ಯ, ಆತ್ಮತಿರಸ್ಕಾರ, ತಾನು ಕಾಮಿಕ್ ಪುಸ್ತಕದೊಳಗಿದ್ದೇನೆ ಎಂಬ ಅರಿವು. ಓದುಗರ ಜೊತೆ ನೇರ ಮಾತಾಡಿದ ಮೊದಲ ಮಾರ್ವೆಲ್ ಪಾತ್ರ ಇವನೇ ಎಂದು ಅನೇಕರು ನಂಬಿದ್ದಾರೆ. 1989ರಲ್ಲೇ ಜಾನ್ ಬರ್ನ್ ಅವರ ಶೀ-ಹಲ್ಕ್ ಆ ಕೆಲಸ ಮಾಡಿದ್ದಳು.

2009ರಲ್ಲೇ ರಯನ್ ರೆನಾಲ್ಡ್ಸ್ ಈ ಪಾತ್ರ ಮಾಡಿದ್ರಲ್ಲ, ಆಗ ಯಾಕೆ ಜನ ಉಗಿದರು?

ಮಾತೇ ಬಂಡವಾಳವಾಗಿರುವ ಪಾತ್ರದ ಬಾಯಿ ಹೊಲಿದುಬಿಟ್ಟಿದ್ದರು. ಇದು ರೂಪಕವಲ್ಲ. ಎಕ್ಸ್-ಮೆನ್ ಎಂಬ ಮಾರ್ವೆಲ್ ಸೂಪರ್‌ಹೀರೋ ಗುಂಪಿನ ವುಲ್ವರಿನ್‌ನ ಹಿಂದಿನ ಕಥೆ ಹೇಳಿದ ಆ ಚಿತ್ರದ ಕೊನೆಯಲ್ಲಿ ಅವನು ನಿಜವಾಗಿಯೂ ಬಾಯಿ ಮುಚ್ಚಿದ, ಕೈಯಿಂದ ಕತ್ತಿ ಚಿಮ್ಮುವ ಪ್ರಾಣಿಯಾಗಿ ಬರುತ್ತಾನೆ. ಹೊರಗಿನ ವೇಷ, ಶಕ್ತಿ, ಆಯುಧ ಇವೇ ಪಾತ್ರ ಎಂದು ತಿಳಿದರೆ ಹೀಗಾಗುತ್ತದೆ.

ಸೋರಿಕೆಯಾದ ವಿಡಿಯೋದಿಂದಲೇ ಸಿನಿಮಾ ಆಯ್ತು ಅನ್ನೋದು ನಿಜಾನಾ?

ಬಹುಮಟ್ಟಿಗೆ ನಿಜ. ನಿರ್ದೇಶಕ ಟಿಮ್ ಮಿಲ್ಲರ್ ಸ್ಟುಡಿಯೋಗೆ ತೋರಿಸಲೆಂದು ಒಂದು ಪುಟ್ಟ ಪರೀಕ್ಷಾ ದೃಶ್ಯ ಮಾಡಿಟ್ಟಿದ್ದರು. ಹೆದ್ದಾರಿ, ಕಾರಿನೊಳಗೆ ಹೊಡೆದಾಟ, ರೆನಾಲ್ಡ್ಸ್ ದನಿ. ಅದು ವರ್ಷಗಟ್ಟಲೆ ಕಪಾಟಿನಲ್ಲಿ ಕೊಳೆಯಿತು. 2014ರ ಜುಲೈನಲ್ಲಿ ಯಾರೋ ಹೊರಬಿಟ್ಟರು, ಜನ ಮುಗಿಬಿದ್ದು ನೋಡಿದರು, ಸೆಪ್ಟೆಂಬರ್‌ನಲ್ಲಿ ಈ ಮಾರ್ವೆಲ್ ಪಾತ್ರದ ಸಿನಿಮಾ ಹಕ್ಕು ಇಟ್ಟುಕೊಂಡಿದ್ದ ಫಾಕ್ಸ್ ಸ್ಟುಡಿಯೋ ಬಿಡುಗಡೆಯ ದಿನವನ್ನೇ ಘೋಷಿಸಿತು. ಆ ತುಣುಕು ಸಾಬೀತು ಮಾಡಿದ್ದು ಪಾತ್ರದ ಜನಪ್ರಿಯತೆಯನ್ನಲ್ಲ, ಅಭಿಮಾನಿಗಳು ಇದ್ದದ್ದು ಸ್ಟುಡಿಯೋಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಧಾಟಿ. ರಕ್ತ ಚಿಮ್ಮುವಾಗಲೇ ಜೋಕು ಹೊಡೆದರೆ ಜನ ಹೇಸುತ್ತಾರೋ ನಗುತ್ತಾರೋ? ಇದನ್ನು ಕಾಗದದ ಮೇಲೆ ತೋರಿಸಲು ಬರುವುದಿಲ್ಲ.

## ರೇಟಿಂಗು, ದುಡ್ಡು

ಆರ್ ರೇಟಿಂಗ್ ಇಲ್ಲದೆ ಇಂಥ ಸಿನಿಮಾ ಮಾಡೋಕೇ ಆಗಲ್ವಾ?

ಆಗುತ್ತದೆ. ಆದರೆ ಯಾವ ಪಾತ್ರ ಎಂಬುದರ ಮೇಲೆ ನಿಂತಿದೆ.

ಮೊದಲು ಲೆಕ್ಕ ತಿಳಿಯಲಿ. ಅಮೆರಿಕದಲ್ಲಿ ಆರ್ ಅಂದರೆ 17 ವರ್ಷ ತುಂಬದವರು ಪೋಷಕರ ಅಥವಾ ಹಿರಿಯರ ಜೊತೆಗೇ ಬರಬೇಕು. ಪಿಜಿ-13ಕ್ಕೆ ಆ ಬೇಲಿಯಿಲ್ಲ. ಅತ್ಯಂತ ಕಟುವಾದ ಆ ಒಂದು ಇಂಗ್ಲಿಷ್ ಬೈಗುಳವನ್ನು ಸಾಮಾನ್ಯವಾಗಿ ಒಂದು ಸಲ ಮಾತ್ರ ಬಳಸಲು ಅದು ಬಿಡುತ್ತದೆ. ಹದಿಹರೆಯದವರ ಟಿಕೆಟ್ಟು ಕೈಬಿಡುವುದು ಯಾವ ಸ್ಟುಡಿಯೋಗೂ ಸುಲಭವಲ್ಲ.

ಡೆಡ್‌ಪೂಲ್ ತಂಡ ಇದನ್ನು ತಾನೇ ಪರೀಕ್ಷಿಸಿತು. ಎರಡನೇ ಭಾಗವನ್ನು ಸೋಸಿ, ಮಲಗುವ ಹುಡುಗನಿಗೆ ಕಥೆ ಓದಿ ಹೇಳುವ ಚೌಕಟ್ಟು ಕೊಟ್ಟು, 2018ರ ಡಿಸೆಂಬರ್‌ನಲ್ಲಿ ಪಿಜಿ-13 ರೂಪವನ್ನು ಬಿಟ್ಟರು. ಆ 'ಹುಡುಗ' ಕೈಕಾಲು ಕಟ್ಟಿಸಿಕೊಂಡ ಮಧ್ಯವಯಸ್ಸಿನ ನಟ ಫ್ರೆಡ್ ಸ್ಯಾವೇಜ್. ಬೈಗುಳ ಮುಚ್ಚಿಹಾಕುವುದನ್ನೇ ಜೋಕು ಮಾಡಿದರು. ನನಗೆ ಅದರಲ್ಲಿ ಹಿಡಿಸಿದ್ದು ಹೊಸದಾಗಿ ಸೇರಿಸಿದ ಆ ಚೌಕಟ್ಟು ಮಾತ್ರ, ಸೋಸಿದ ಭಾಗವೆಲ್ಲ ಉಪ್ಪಿಲ್ಲದ್ದು.

ಆದರೆ ವೆನಮ್ ನೋಡಿ. ತಲೆ ಕಚ್ಚಿ ತಿನ್ನುವ ಪಾತ್ರ, 2018ರಲ್ಲಿ ಪಿಜಿ-13, ಗಳಿಕೆ ಸುಮಾರು 85 ಕೋಟಿ ಡಾಲರ್. ಅಲ್ಲಿ ತಲೆಹರಟೆ ಇರುವುದು ರಕ್ತದಲ್ಲಲ್ಲ, ಒಂದೇ ಮೈಯಲ್ಲಿ ಸಿಕ್ಕಿಕೊಂಡ ಮನುಷ್ಯ ಮತ್ತು ಅನ್ಯಗ್ರಹದ ಜೀವಿಯ ಗಂಡ-ಹೆಂಡಿರ ಜಗಳದಂಥ ಕಿತ್ತಾಟದಲ್ಲಿ. ಅದನ್ನು ತೋರಿಸಲು ರಕ್ತ ಬೇಕಿಲ್ಲ. ಡೆಡ್‌ಪೂಲ್‌ನ ಹಾಸ್ಯ ಮಾತ್ರ ಅಶ್ಲೀಲಕ್ಕೂ ಹಿಂಸೆಗೂ ಅಂಟಿಕೊಂಡೇ ಬೆಳೆದದ್ದು. ನಿಮ್ಮ ಪಾತ್ರದ ಕುಚೋದ್ಯ ಎಲ್ಲಿ ವಾಸಿಸುತ್ತದೆ ಎಂದು ಮೊದಲು ಹುಡುಕಿ, ರೇಟಿಂಗ್ ತಾನಾಗಿ ತೀರ್ಮಾನವಾಗುತ್ತದೆ.

ಬಜೆಟ್ ಕಡಿಮೆ ಇದ್ದದ್ದೇ ಒಳ್ಳೆಯದಾಯ್ತು ಅಂತಾರೆ. ಅದು ಬರೀ ಸಮಾಧಾನದ ಮಾತಲ್ವಾ?

ನಾನೂ ಹಾಗೆಂದುಕೊಂಡಿದ್ದೆ. ಆಮೇಲೆ ಚಿತ್ರವನ್ನು ಲೆಕ್ಕ ಹಾಕುತ್ತ ನೋಡಿದೆ.

2016ರ ಚಿತ್ರಕ್ಕೆ ಆದ ಖರ್ಚು ಸುಮಾರು 5.8 ಕೋಟಿ ಡಾಲರ್. ಆ ಕಾಲದ ಸೂಪರ್‌ಹೀರೋ ಚಿತ್ರಗಳು ಅದರ ಮೂರು ಪಟ್ಟು ನುಂಗುತ್ತಿದ್ದವು. ಚಿತ್ರೀಕರಣಕ್ಕೆ ಇನ್ನೇನು ಹೊರಡಬೇಕು ಎನ್ನುವಾಗ ಸ್ಟುಡಿಯೋ ಸುಮಾರು 70 ಲಕ್ಷ ಡಾಲರ್ ಕತ್ತರಿಸಿತು. ಬರಹಗಾರರಾದ ರೆಟ್ ರೀಸ್ ಮತ್ತು ಪಾಲ್ ವರ್ನಿಕ್ ಪುಟಗಟ್ಟಲೆ ಹೊಡೆದುಹಾಕಬೇಕಾಯಿತು. ಕೊನೆಯ ಕಾಳಗಕ್ಕೆ ಹೋಗುವಾಗ ನಾಯಕ ಬಂದೂಕುಗಳ ಚೀಲವನ್ನು ಟ್ಯಾಕ್ಸಿಯಲ್ಲೇ ಮರೆತುಬಿಡುತ್ತಾನಲ್ಲ, ಅದು ಹುಟ್ಟಿದ್ದು ಹಾಗೆ. ಗುಂಡಿನ ಕಾಳಗಕ್ಕೆ ದುಡ್ಡಿರಲಿಲ್ಲ. ಅಷ್ಟು ದೊಡ್ಡ ಬಂಗಲೆಯಲ್ಲಿ ಇಬ್ಬರೇ ಎಕ್ಸ್-ಮೆನ್ ಯಾಕೆ ಕಾಣುತ್ತಾರೆ ಎಂದು ಅವನೇ ಕೇಳಿ ಸ್ಟುಡಿಯೋದ ಕಿಸೆಯನ್ನು ಹಂಗಿಸುತ್ತಾನೆ.

ಬೇರೆ ಚಿತ್ರದಲ್ಲಿ ಇದು ಬಡತನವಾಗಿ ಕಾಣುತ್ತಿತ್ತು. ಇಲ್ಲಿ ಪಾತ್ರದ ಗುಣವಾಗಿ ಕಂಡಿತು, ಏಕೆಂದರೆ ತನ್ನ ಚಿತ್ರವನ್ನೂ ಗೌರವಿಸದವನಿಗೆ ತನ್ನ ಚಿತ್ರದ ಕೊರತೆಯೂ ಸರಕೇ. ಇನ್ನೊಂದು ಲಾಭವೂ ಇದೆ: ಸಣ್ಣ ಮೊತ್ತಕ್ಕೆ ಸ್ಟುಡಿಯೋದ ದೊಡ್ಡವರು ಅಷ್ಟಾಗಿ ಇಣುಕುವುದಿಲ್ಲ. ಕೊನೆಗೆ ಗಳಿಸಿದ್ದು ಜಗತ್ತಿನಾದ್ಯಂತ ಸುಮಾರು 78 ಕೋಟಿ ಡಾಲರ್, ಅದೂ ಚೀನಾದಲ್ಲಿ ಬಿಡುಗಡೆಯೇ ಆಗದೆ.

ಹಾಗಾದ್ರೆ ಆರ್ ಕೊಟ್ಟು ಬೈಗುಳ ತುಂಬಿದ್ರೆ ಗೆಲ್ಲಬಹುದು?

ಹಾಗೆ ನಂಬಿದವರಿಗೆ ಪೆಟ್ಟು ಬಿದ್ದಿದೆ. 2019ರ ಹೆಲ್‌ಬಾಯ್ ಆರ್ ಹಾಕಿಕೊಂಡು ಬಂದು ನೆಲಕಚ್ಚಿತು. 2004ರಲ್ಲಿ ಗಿಯೆರ್ಮೊ ಡೆಲ್ ಟೋರೊ ಪಿಜಿ-13ರಲ್ಲಿ ಮಾಡಿದ ಅದೇ ಪಾತ್ರ ಇಂದಿಗೂ ಜನರ ಮನಸ್ಸಿನಲ್ಲಿದೆ. ಹಾರ್ಲಿ ಕ್ವಿನ್‌ಳ 2020ರ ಚಿತ್ರವೂ ಆರ್. ಅವಳು 1992ರ ಬ್ಯಾಟ್‌ಮ್ಯಾನ್ ಮಕ್ಕಳ ಕಾರ್ಟೂನ್ ಸರಣಿಯಲ್ಲಿ ಹುಟ್ಟಿದವಳು, ಅವಳ ವೇಷ ಹಾಕಿ ಕುಣಿಯುವ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಚಿತ್ರಮಂದಿರದ ಬಾಗಿಲಲ್ಲೇ ತಡೆ. ನನಗೆ ಆ ಚಿತ್ರ ಇಷ್ಟ, ಆದರೆ ಈ ತೀರ್ಮಾನ ಇವತ್ತಿಗೂ ಅರ್ಥವಾಗಿಲ್ಲ.

## ಪುಟದಿಂದ ತೆರೆಗೆ

ಇವನು ಕೊಲೆಗಾರ ತಾನೇ? ಕಾಮಿಕ್ ಓದದವರು ಇವನನ್ನು ಯಾಕೆ ಇಷ್ಟಪಡಬೇಕು?

ಉಳಿದೆಲ್ಲಕ್ಕೂ ಬೇರು ಈ ಪ್ರಶ್ನೆಯಲ್ಲೇ ಇದೆ, ಹಾಗಾಗಿ ಸ್ವಲ್ಪ ಉದ್ದ ಹೋಗುತ್ತೇನೆ.

ಮಾಸಿಕ ಕಾಮಿಕ್‌ನ ಓದುಗರು ಸಾವಿರಗಳ ಲೆಕ್ಕ. ಅವರು ವರ್ಷಗಟ್ಟಲೆ ಜೊತೆಗಿರುತ್ತಾರೆ. ಇಪ್ಪತ್ತು ಪುಟ ಬರೀ ಲೇವಡಿಯಲ್ಲೇ ಕಳೆದರೂ ಬೇಸರವಿಲ್ಲ, ಮುಂದಿನ ತಿಂಗಳಿದೆ. ಸಿನಿಮಾದವನಿಗೆ ಎರಡು ಗಂಟೆ, ಎದುರಿಗೆ ಅವನ ಹೆಸರೇ ಕೇಳದ ಲಕ್ಷಾಂತರ ಮಂದಿ. ಎಲ್ಲವನ್ನೂ ಗೇಲಿ ಮಾಡುವ ಮನುಷ್ಯ ಮೊದಲ ಹತ್ತು ನಿಮಿಷ ಮಜಾ ಕೊಡುತ್ತಾನೆ, ಅರ್ಧ ಗಂಟೆಗೆ ಸಾಕೆನಿಸುತ್ತಾನೆ, ಒಂದು ಗಂಟೆಗೆ ಅವನು ಸತ್ತರೂ ನಮಗೇನೂ ಅನಿಸುವುದಿಲ್ಲ. ಅವನಿಗೇ ಏನೂ ಅನಿಸದಿದ್ದಾಗ ನಮಗೇಕೆ ಅನಿಸಬೇಕು?

ಹಾಗಾಗಿ ರೂಪಾಂತರ ಮಾಡುವವರು ಪಾತ್ರದಿಂದ ಏನನ್ನು ತೆಗೆಯಬೇಕು ಎಂದು ಒದ್ದಾಡುವುದಕ್ಕಿಂತ, ಅವನು ಗೇಲಿ ಮಾಡದೇ ಇರುವ ಒಂದೇ ಒಂದು ಸಂಗತಿಯನ್ನು ಹುಡುಕಬೇಕು. ಇಲ್ಲದಿದ್ದರೆ ಕಟ್ಟಬೇಕು. 2016ರ ಚಿತ್ರದಲ್ಲಿ ಅದು ಅವನ ಪ್ರೇಯಸಿ ವನೆಸ್ಸಾ. ಅವರಿಬ್ಬರ ಮೊದಲ ಭೇಟಿಯನ್ನು ನೆನಪಿಸಿಕೊಳ್ಳಿ. ಯಾರ ಬಾಲ್ಯ ಹೆಚ್ಚು ಕೆಟ್ಟದ್ದು ಎಂದು ಪೈಪೋಟಿಗೆ ಬೀಳುತ್ತಾರೆ. ಅವಳೂ ಅವನಷ್ಟೇ ಬಾಯಾಳಿ. ಪ್ರೇಮ ಅವನನ್ನು ಸಭ್ಯನನ್ನಾಗಿ ಮಾಡುವುದಿಲ್ಲ, ಅವನ ಭಾಷೆ ಆಡುವ ಇನ್ನೊಬ್ಬಳನ್ನು ಕೊಡುತ್ತದೆ. ಕ್ಯಾನ್ಸರ್ ಎಂದು ವೈದ್ಯರು ಹೇಳಿದಾಗ ಅವನು ಅವಳ ಮುಖವನ್ನೇ ನೋಡುತ್ತ ಕೂರುತ್ತಾನೆ. ಚಿತ್ರದಲ್ಲಿ ಅವನು ನಿಜವಾಗಿಯೂ ಸುಮ್ಮನಾಗುವ ಗಳಿಗೆ ಬಹುಶಃ ಅದೊಂದೇ.

ಇದನ್ನು ಜೋಡಿಸಿದ ಬಗೆ ಇನ್ನೂ ಜಾಣತನದ್ದು. ಇದನ್ನೇ ಕಾಲಕ್ರಮದಲ್ಲಿ ಹೇಳಿದ್ದರೆ ಪ್ರೇಮ, ಕಾಯಿಲೆ, ಚಿತ್ರಹಿಂಸೆ ಎಂದು ಅರ್ಧ ಸಿನಿಮಾ ಕಣ್ಣೀರಲ್ಲಿ ಮುಳುಗುತ್ತಿತ್ತು, ಕೆಂಪು ವೇಷ ಬರುವಷ್ಟರಲ್ಲಿ ಜನ ದಣಿದಿರುತ್ತಿದ್ದರು. ಅವರು ಹೆದ್ದಾರಿಯ ಕಾಳಗದ ನಡುವಿನಿಂದ ಶುರುಮಾಡಿ, ಅಲ್ಲಿಂದ ಹಿಂದಕ್ಕೆ ಹಾರಿ, ಮತ್ತೆ ಕಾಳಗಕ್ಕೆ ಮರಳಿ, ಮತ್ತೆ ಹಾರಿದರು. ನೋವಿನ ಪ್ರತಿ ತುಣುಕಿನ ಎರಡೂ ಬದಿಗೆ ನಗೆ. ಇದರಿಂದ ಇನ್ನೊಂದು ಕೆಲಸವೂ ಆಯಿತು: ಅವನು ಯಾಕೆ ಇಷ್ಟು ಮಾತಾಡುತ್ತಾನೆ ಎಂದು ಯಾರೂ ಹೇಳದೆಯೇ ನಮಗೆ ಗೊತ್ತಾಗುತ್ತದೆ. ಪ್ರಯೋಗಾಲಯದಲ್ಲಿ ಹಿಂಸಿಸುವಾಗಲೂ ಬಾಯಿ ನಿಲ್ಲಿಸದವನು ಅವನು. ಅವನ ಬಳಿ ಉಳಿದಿದ್ದ ಸ್ವಾತಂತ್ರ್ಯ ಅಷ್ಟೇ.

ಕಾಮಿಕ್‌ನಲ್ಲಿದ್ದ ಎಷ್ಟೋ ಕರಾಳ ಸಂಗತಿ ಸಿನಿಮಾದಲ್ಲಿ ಮಾಯ. ಇದು ಅಭಿಮಾನಿಗಳಿಗೆ ಮಾಡಿದ ಮೋಸ ಅಲ್ವಾ?

ಏನು ಮಾಯವಾಗಿದೆ ನೋಡೋಣ. ಕೆಲ್ಲಿಯ ಸರಣಿಯಲ್ಲಿ ಕುರುಡಿ ಮುದುಕಿ ಆಲ್, ಡೆಡ್‌ಪೂಲ್‌ನ ಕೈದಿ. ಅವಳನ್ನು ಮನೆಯಲ್ಲಿ ಕೂಡಿಹಾಕಿ, ತಪ್ಪು ಮಾಡಿದರೆ ಚೂಪು ಸಾಮಾನು ತುಂಬಿದ ಕೋಣೆಗೆ ತಳ್ಳುತ್ತಾನೆ. ಪುಟದ ಮೇಲೆ ಅದು ಅದ್ಭುತ, ಏಕೆಂದರೆ ಅವನ ಕ್ರೌರ್ಯವನ್ನು ಕಥೆ ನಿಧಾನವಾಗಿ ವಿಚಾರಣೆಗೆ ಎಳೆಯುತ್ತದೆ. ಎರಡು ಗಂಟೆಯ ಚಿತ್ರದಲ್ಲಿ ಆ ವಿಚಾರಣೆಗೆ ಸಮಯವಿಲ್ಲ, ಬರೀ ಕ್ರೌರ್ಯ ಉಳಿಯುತ್ತಿತ್ತು. ಅದಕ್ಕೇ ಆಲ್ ಅವನ ಜೊತೆ ಮನೆ ಹಂಚಿಕೊಂಡ, ಅವನಿಗೆ ಸರಿಸಮ ತಿರುಗೇಟು ಕೊಡುವ ಅಜ್ಜಿಯಾದಳು. ವನೆಸ್ಸಾ ಕಾಮಿಕ್‌ನಲ್ಲಿ ರೂಪ ಬದಲಿಸುವ ಮ್ಯೂಟಂಟ್ (ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವಳು), ಚಿತ್ರದಲ್ಲಿ ಸಾಮಾನ್ಯ ಹೆಂಗಸು. ಅವನ ತಲೆಯೊಳಗಿನ ದನಿಗಳನ್ನು ತೋರಿಸುತ್ತಿದ್ದ ಮಾತಿನ ಚೌಕಗಳನ್ನೂ ಬಿಟ್ಟರು. ಅದು ನನಗೂ ಬೇಸರವೇ.

ಇದಕ್ಕಿಂತ ದೊಡ್ಡ 'ಮೋಸ' 1994ರಲ್ಲೇ ನಡೆದಿತ್ತು. ಡಾರ್ಕ್ ಹಾರ್ಸ್ ಪ್ರಕಟಿಸಿದ 'ದಿ ಮಾಸ್ಕ್' ಕಾಮಿಕ್‌ನಲ್ಲಿ ಮುಖವಾಡ ಹಾಕಿಕೊಂಡವನು ಸಾಲುಸಾಲು ಕೊಲೆ ಮಾಡುತ್ತಾನೆ. ಜಿಮ್ ಕ್ಯಾರಿ ಚಿತ್ರದಲ್ಲಿ ಆ ರಕ್ತವೆಲ್ಲ ಹಳೆಯ ಕಾರ್ಟೂನುಗಳ ರಬ್ಬರು ಕುಣಿತವಾಯಿತು, ಜನ ತಲೆಯ ಮೇಲೆ ಹೊತ್ತರು. ಅಂಕೆ ತಪ್ಪಿದ ಆಸೆ ಎಂಬ ತಿರುಳು ಉಳಿದಿತ್ತು, ಬಣ್ಣ ಬದಲಾಗಿತ್ತು. ಉಲ್ಟಾ ಉದಾಹರಣೆಯೂ ಇದೆ. ಬ್ರಿಟಿಷ್ ಕಾಮಿಕ್‌ನ ಜಡ್ಜ್ ಡ್ರೆಡ್ ಎಂದೂ ಮುಖ ತೋರಿಸದವನು. 1995ರಲ್ಲಿ ಸ್ಟಲೋನ್ ಹೆಲ್ಮೆಟ್ ತೆಗೆದು ಬೈಸಿಕೊಂಡರು. 2012ರಲ್ಲಿ ಕಾರ್ಲ್ ಅರ್ಬನ್ ಕೊನೆಯವರೆಗೂ ತೆಗೆಯಲಿಲ್ಲ, ಅಭಿಮಾನಿಗಳು ಮೆಚ್ಚಿದರು, ಚಿತ್ರಮಂದಿರ ಖಾಲಿ ಹೊಡೆಯಿತು.

ಪ್ರೇಕ್ಷಕರ ಜೊತೆ ನೇರವಾಗಿ ಮಾತಾಡೋದು ಪುಟದ ಮೇಲೆ ಚೆನ್ನ. ಸಿನಿಮಾದಲ್ಲಿ ಕಿರಿಕಿರಿ ಆಗಲ್ವಾ?

ಆಗಬಹುದು. ಪುಟದಲ್ಲಿ ಓದುಗನೇ ಕಾಲವನ್ನು ನಡೆಸುತ್ತಾನೆ, ಪಾತ್ರ ಪಕ್ಕಕ್ಕೆ ತಿರುಗಿ ಒಂದು ಮಾತು ಹೇಳಿದರೆ ಕಥೆ ಕಾಯುತ್ತದೆ. ತೆರೆಯಲ್ಲಿ ಪ್ರತಿ ಪಿಸುಮಾತೂ ಓಟವನ್ನು ನಿಲ್ಲಿಸುತ್ತದೆ. ಹಾಗಾಗಿ ದುಃಖದ ಗಳಿಗೆಯಲ್ಲಿ ಪಾತ್ರ ಸಭೆಯ ಕಡೆ ತಿರುಗಬಾರದು. ಡೆಡ್‌ಪೂಲ್ ಚಿತ್ರಗಳೂ ಒಳ್ಳೆಯ ಗಳಿಗೆಗಳಲ್ಲಿ ಈ ಶಿಸ್ತನ್ನು ಪಾಲಿಸುತ್ತವೆ. ವನೆಸ್ಸಾ ಎದುರು ಕೂತಾಗ ಅವನಿಗೆ ಕ್ಯಾಮೆರಾ ನೆನಪಾಗುವುದು ಅಪರೂಪ.

ಮುಖವೇ ಕಾಣದ ಪಾತ್ರಕ್ಕೆ ಸ್ಟಾರ್ ನಟ ಯಾಕೆ?

ದನಿಗೆ, ಮೈಯ ಲಯಕ್ಕೆ. ಕಾಮಿಕ್‌ನಲ್ಲಿ ಮುಖವಾಡದ ಬಿಳಿ ಕಣ್ಣು ಹಿಗ್ಗುತ್ತದೆ, ಕುಗ್ಗುತ್ತದೆ. ನಿಜದ ಬಟ್ಟೆಯಲ್ಲಿ ಅದು ಸತ್ತ ಮೀನಿನ ಕಣ್ಣು. ವೆಟಾ ಡಿಜಿಟಲ್ ತಂಡ ಕಂಪ್ಯೂಟರಿನಲ್ಲಿ ಆ ಕಣ್ಣುಗಳಿಗೆ ಜೀವ ಕೊಟ್ಟಿತು. ತುಟಿ ಕಾಣದಿರುವುದರ ಉಪಕಾರ ಇನ್ನೊಂದು: ಚಿತ್ರೀಕರಣ ಮುಗಿದ ಮೇಲೂ ಜೋಕು ಬದಲಿಸಬಹುದು. ಮಾತನ್ನು ಮತ್ತೆ ದಾಖಲಿಸಿ ಕೂರಿಸಿದರಾಯಿತು. ಹಾಸ್ಯ ಬರೆಯುವವರಿಗೆ ಇಂಥ ವರ ಎಲ್ಲಿ ಸಿಗುತ್ತದೆ?

ಅರ್ಧ ಜೋಕು ನನಗೆ ಅರ್ಥವೇ ಆಗ್ಲಿಲ್ಲ. ನಾನು ಈ ಸಿನಿಮಾದ ಪ್ರೇಕ್ಷಕ ಅಲ್ಲವೇನೋ?

ನೀವೇ ಪ್ರೇಕ್ಷಕರು. ಇಂಥ ಚಿತ್ರಗಳಲ್ಲಿ ಜೋಕು ಪದರ ಪದರವಾಗಿರುತ್ತದೆ. ಆರಂಭದ ಹೆಸರುಪಟ್ಟಿಯಲ್ಲಿ ನಟರ, ನಿರ್ದೇಶಕರ ಹೆಸರಿನ ಜಾಗದಲ್ಲಿ ಅವರನ್ನು ಹಳಿಯುವ ಬಿರುದುಗಳಿವೆ. ಅದಕ್ಕೆ ಯಾವ ಕಾಮಿಕ್ ಜ್ಞಾನವೂ ಬೇಡ. ಒಳಗಿನವರಿಗೆ ಮಾತ್ರ ತಿಳಿಯುವ ಮಾತು ವೇಗವಾಗಿ ದಾಟಿಹೋಗಬೇಕು, ಕಥೆ ಅದರ ಮೇಲೆ ನಿಲ್ಲಬಾರದು. ವುಲ್ವರಿನ್ ಜೊತೆಗಿನ 2024ರ ಮೂರನೇ ಚಿತ್ರ ಈ ಗೆರೆ ದಾಟಿತು ಎಂದು ನನ್ನ ಅನಿಸಿಕೆ.

## ತಲೆ ಕೆಡಿಸುವವು

ಎರಡನೇ ಭಾಗದಲ್ಲಿ ವನೆಸ್ಸಾಳನ್ನು ಯಾಕೆ ಕೊಂದರು? ಅವಳೇ ಮುಖ್ಯ ಅಂದ್ರಲ್ಲ?

ಮುಖ್ಯ ಆದ್ದರಿಂದಲೇ ಕೊಂದರು, ಅದೇ ತಕರಾರು. ನಾಯಕನಿಗೆ ದುಃಖ ಕೊಡಲೆಂದೇ ಹೆಣ್ಣನ್ನು ಬಲಿ ಕೊಡುವ ಚಾಳಿ ಕಾಮಿಕ್ಸ್‌ನಲ್ಲಿ ಹಳೆಯದು. 1994ರ ಗ್ರೀನ್ ಲ್ಯಾಂಟರ್ನ್ ಸಂಚಿಕೆಯೊಂದರಲ್ಲಿ ನಾಯಕನ ಗೆಳತಿಯ ಶವ ಫ್ರಿಜ್‌ನಲ್ಲಿ ಸಿಗುತ್ತದೆ. ಅದನ್ನು ಹಿಡಿದು 1999ರಲ್ಲಿ ಬರಹಗಾರ್ತಿ ಗೇಲ್ ಸಿಮೋನ್ ಇಂಥ ಬಲಿಗಳ ಪಟ್ಟಿಯನ್ನೇ ಮಾಡಿದರು, ಈ ಚಾಳಿಗೆ ಫ್ರಿಜ್‌ನ ಹೆಸರೇ ಅಂಟಿಕೊಂಡಿತು. ತಮಾಷೆಯೆಂದರೆ ಸಿಮೋನ್ ಮುಂದೆ 2002ರಲ್ಲಿ ಡೆಡ್‌ಪೂಲ್ ಕಾಮಿಕ್ಕನ್ನೇ ಬರೆದರು. ಎಲ್ಲ ಸವಕಲು ತಂತ್ರಗಳನ್ನು ಗೇಲಿ ಮಾಡುವ ಚಿತ್ರ, ಅತ್ಯಂತ ಸವಕಲು ತಂತ್ರವನ್ನು ಮುಖ ಗಂಟಿಕ್ಕಿಕೊಂಡು ಬಳಸಿತು. ಕೊನೆಗೆ ಕಾಲ ಹಿಂದಕ್ಕೆ ತಿರುಗಿಸಿ ಅವಳನ್ನು ಉಳಿಸಿಕೊಳ್ಳುತ್ತಾರೆ, ಆದರೆ ಆಗ ಇಡೀ ಚಿತ್ರದ ದುಃಖ ಸುಳ್ಳಾಗುತ್ತದೆ. ಗೇಲಿ ಮಾಡದ ವಸ್ತುವನ್ನು ಕೈಯಾರೆ ಮುರಿದರೆ ಹೀಗೆ ಎರಡೂ ಕಡೆ ನಷ್ಟ.

ಡಿಸ್ನಿ ಕೈಗೆ ಹೋದ ಮೇಲೂ ಅವನು ತಲೆಹರಟೆಯೇ ಅಂತೀರಾ? ಯಜಮಾನನ ದುಡ್ಡಲ್ಲಿ ಯಜಮಾನನನ್ನು ಬೈದರೆ ಅದು ಬಂಡಾಯವಾ?

ಬಂಡಾಯವಲ್ಲ. ಫಾಕ್ಸ್‌ನಲ್ಲಿದ್ದಾಗಲೂ ಆಗಿರಲಿಲ್ಲ. ಆಸ್ಥಾನದ ವಿದೂಷಕ ಎಷ್ಟು ಬೈದರೂ ಸಂಬಳ ರಾಜನದೇ.

2019ರಲ್ಲಿ ಡಿಸ್ನಿ 7,130 ಕೋಟಿ ಡಾಲರಿಗೆ ಫಾಕ್ಸ್‌ನ ಬಹುಭಾಗ ಕೊಂಡಿತು, ಡೆಡ್‌ಪೂಲ್ ಆ ಗಂಟಿನೊಳಗೆ ಬಂದ. 2024ರಲ್ಲಿ ವುಲ್ವರಿನ್ ಜೊತೆಗಿನ ಚಿತ್ರ ಆರ್ ರೇಟಿಂಗ್‌ನಲ್ಲೇ ಬಂದು 130 ಕೋಟಿ ಡಾಲರ್ ದಾಟಿತು. ಡಿಸ್ನಿಯದೇ ಆದ ಮಾರ್ವೆಲ್‌ನ ಮುಖ್ಯಸ್ಥರು ಕೊಕೇನ್ ಮಾತ್ರ ಬೇಡ ಎಂದಿದ್ದಾರೆ ಎಂಬುದನ್ನೇ ಚಿತ್ರದಲ್ಲಿ ಜೋಕು ಮಾಡಿದ್ದಾರೆ. ನಿಷೇಧವೂ ಸರಕಾಯಿತು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ: ಮಣ್ಣಲ್ಲಿ ಹೂತ ಫಾಕ್ಸ್ ಲಾಂಛನ, ಕೊನೆಯಲ್ಲಿ ಬರುವ ಹಳೆಯ ಫಾಕ್ಸ್ ಚಿತ್ರಗಳ ತೆರೆಮರೆಯ ತುಣುಕುಗಳು. ಲೇವಡಿಯ ನಡುವೆ ಮುಚ್ಚಿಹೋದ ಅಂಗಡಿಯೊಂದಕ್ಕೆ ನಿಜವಾದ ಶೋಕವಿತ್ತು. ಕಥೆ ಎಷ್ಟು ಸಡಿಲವಿದ್ದರೂ ಚಿತ್ರಕ್ಕೆ ಉಸಿರಿದ್ದದ್ದು ಅಲ್ಲಿ.

ಹಕ್ಕುಗಳ ಗೋಜಲು ಕಥೆಯನ್ನೇ ಬದಲಿಸುತ್ತಾ?

ಬದಲಿಸುತ್ತದೆ. 2016ರ ಚಿತ್ರದ ಆ ಇಬ್ಬರು ಎಕ್ಸ್-ಮೆನ್‌ರಲ್ಲಿ ಒಬ್ಬಳಾದ ನೆಗಸಾನಿಕ್ ಟೀನೇಜ್ ವಾರ್‌ಹೆಡ್ ಕಾಮಿಕ್‌ನಲ್ಲಿ ಮನಸ್ಸಿನ ಶಕ್ತಿಯವಳು. ಅವಳನ್ನು ಸಿಡಿಯುವ ಹುಡುಗಿಯಾಗಿಸಲು ಫಾಕ್ಸ್‌ಗೆ ಮಾರ್ವೆಲ್‌ನ ಒಪ್ಪಿಗೆ ಬೇಕಿತ್ತು. ಮಾರ್ವೆಲ್‌ಗೆ ಬೇರೊಂದು ಚಿತ್ರಕ್ಕೆ ಫಾಕ್ಸ್ ಬಳಿಯಿದ್ದ ಈಗೋ ಎಂಬ ಜೀವಂತ ಗ್ರಹ ಬೇಕಿತ್ತು. ಕೊಟ್ಟು ತೆಗೆದುಕೊಂಡರು. ಒಬ್ಬ ಹುಡುಗಿಯ ಶಕ್ತಿಗೆ ಬದಲಾಗಿ ಒಂದು ಗ್ರಹ.

ನಾನೇ ಇಂಥದೊಂದು ಪಾತ್ರಕ್ಕೆ ಚಿತ್ರಕಥೆ ಬರೀತಿದ್ದೀನಿ. ಎಲ್ಲಿಂದ ಶುರು ಮಾಡಲಿ?

ಜೋಕುಗಳನ್ನು ಪಕ್ಕಕ್ಕಿಡಿ. ಅವನ ಎಲ್ಲ ಮಾತನ್ನೂ ಅಳಿಸಿದ ಒಂದು ಪ್ರತಿ ಮಾಡಿ, ಪಾತ್ರದ ಪರಿಚಯವಿಲ್ಲದ ಒಬ್ಬರಿಗೆ ಓದಲು ಕೊಡಿ. ಇವನಿಗೆ ಏನು ಬೇಕು, ಏನು ಕಳೆದುಕೊಂಡರೆ ಇವನು ಮುರಿದುಬೀಳುತ್ತಾನೆ ಎಂದು ಕೇಳಿ. ಉತ್ತರ ಬಂದರೆ ಮಾತುಗಳನ್ನು ವಾಪಸ್ ಹಾಕಿ, ಆ ಒಂದು ವಸ್ತು ಇರುವ ದೃಶ್ಯಗಳಲ್ಲಿ ಮಾತ್ರ ಅರ್ಧದಷ್ಟು ಹಾಕಿ. ಉತ್ತರ ಬರದಿದ್ದರೆ ನಿಮ್ಮ ಕೈಯಲ್ಲಿರುವುದು ಇನ್ನೂ ಜೋಕುಗಳ ಪಟ್ಟಿ.